ಅವ್ವ ಕೊಟ್ಟ ಕಾಯಿಲೆ

ನಮ್ಮದು ಕುಶಾಲನಗರದ ಹತ್ತಿರ ಶುಂಠಿ, ಜೋಳ ಬೆಳೆಯುವ ಮನೆ. ತಾತ ಹಾಸನದ ಕಡೆಯಿಂದ ಬಂದು ನೆಲೆ ನಿಂತವರು. ನನಗೆ ಇಪ್ಪತ್ತೊಂಬತ್ತು ತುಂಬಿದ ವರ್ಷ, ಒಂದು ಭಾನುವಾರ ಅರಕಲಗೂಡಿನಿಂದ ಹುಡುಗನ ಕಡೆಯವರು ನೋಡಲು ಬರುವುದೆಂದಾಯಿತು. ಆಗ ನಾನು ವಿರಾಜಪೇಟೆಯ ಶಾಲೆಯೊಂದರಲ್ಲಿ ಪಾಠ ಮಾಡುತ್ತಿದ್ದೆ. ಸುದ್ದಿ ಕೇಳಿ ಶನಿವಾರವೇ ಎರಡು ಬಸ್ ಬದಲಿಸಿ ಊರಿಗೆ ಬಂದೆ.

ಅವ್ವ ಕೊಟ್ಟಿಗೆ ತೊಳೆಯುತ್ತಿದ್ದಳು. ಬಕೆಟ್ಟಿನಲ್ಲಿ ನೀರು ತಂದು ಕೊಡುತ್ತಾ ಹೇಳಿಬಿಟ್ಟೆ.

"ಅವ್ವ, ಅವರನ್ನ ಬರೋದು ಬೇಡ ಅನ್ನು. ನಂಗೆ ಗಂಡಸರ ಮೇಲೆ ಮನಸಾಗಲ್ಲ. ಆಗೋದು ಹೆಂಗಸರ ಮೇಲೇ. ಮೊದ್ಲಿಂದ್ಲೂ ಹಂಗೇ."

ಅವ್ವ ಪೊರಕೆ ನಿಲ್ಲಿಸಲಿಲ್ಲ. ಮೂಲೆಯವರೆಗೂ ಗುಡಿಸಿ ಮುಗಿಸಿದ ಮೇಲೆ, "ಯಾರಾದ್ರೂ ಇದಾಳಾ?" ಎಂದಳು.

"ಇದ್ಲು. ಮದುವೆ ಆಗಿ ಹೋದ್ಲು."

"ನಿಮ್ಮಪ್ಪನ ಕಿವಿಗೆ ಬೀಳೋದು ಬೇಡ. ನಾನು ನೋಡ್ಕತೀನಿ."

ಬೈಯಲಿಲ್ಲ, ಅಳಲಿಲ್ಲ. ಅಂದು ನನಗೆ ಅದೇ ದೊಡ್ಡದಾಗಿ ಕಂಡಿತು.

ನೋಡಿಕೊಂಡ ಬಗೆ ಮರುದಿನ ತಿಳಿಯಿತು. ನನ್ನ ಹೃದಯದಲ್ಲಿ ತೊಂದರೆಯಿದೆ, ಬಸಿರು ಬಾಣಂತನ ತಡೆಯುವ ದೇಹವಲ್ಲ ಎಂದು ಡಾಕ್ಟರು ಹೇಳಿದ್ದಾರಂತೆ. ಅಪ್ಪ, ಅಣ್ಣ, ಹುಡುಗನ ಕಡೆಯವರು, ಎಲ್ಲರಿಗೂ ಅವ್ವ ಅದನ್ನೇ ಹೇಳಿದ್ದಳು. ಅವರು ಬರಲಿಲ್ಲ. ಆಮೇಲೆ ಬೇರೆ ಯಾರೂ ಬರಲಿಲ್ಲ.

ಅಪ್ಪ ಅಂದಿನಿಂದ ನನ್ನ ಕೈಯಲ್ಲಿ ತುಂಬಿದ ಕೊಡ ಕಂಡರೆ ಕಸಿದುಕೊಳ್ಳುತ್ತಾರೆ. ಚಿಕ್ಕಮ್ಮನ ಮಗಳ ಮದುವೆಯಲ್ಲಿ ನನ್ನನ್ನು ಫ್ಯಾನಿನ ಕೆಳಗೆ ಕೂರಿಸಿದರು. ನನ್ನ ಓರಗೆಯವರೆಲ್ಲ ಬಡಿಸಲು ಓಡಾಡುತ್ತಿದ್ದರೆ ನಾನು ಮುದುಕಿಯರ ಜೊತೆ ಕೂತು ನೋಡುತ್ತಿದ್ದೆ. ಅಣ್ಣನೊಬ್ಬನಿಗಾದರೂ ನಿಜ ಹೇಳೋಣವೆಂದು ಒಮ್ಮೆ ಅವನ ಬೈಕ್ ಹತ್ತಿದೆ. ಬಾಯಿ ತೆರೆಯುವಷ್ಟರಲ್ಲಿ ಅವನು ಬೈಕ್ ನಿಧಾನ ಮಾಡಿ, "ಮುಂದೆ ಗುಂಡಿ ಇದೆ, ಗಟ್ಟಿ ಹಿಡ್ಕೊ. ಎದೆಗೆ ಏಟಾದಾತು" ಎಂದ. ಆ ದನಿ ಕೇಳಿದ ಮೇಲೆ ಹೇಳಲು ಆಗಲಿಲ್ಲ.

ಈಗ ಆರು ವರ್ಷವಾಯಿತು. ವಿರಾಜಪೇಟೆಯ ಬಾಡಿಗೆ ಮನೆಯಲ್ಲಿ ಒಬ್ಬಳೇ ಇದ್ದೇನೆ. ಅವ್ವ ದಿನಾ ಸಂಜೆ ಫೋನ್ ಮಾಡಿ, "ಮಾತ್ರೆ ತಗಂಡ್ಯಾ?" ಎಂದು ಕೇಳುತ್ತಾಳೆ. ಅವಳ ಪಕ್ಕದಲ್ಲಿ ಯಾರೋ ಇರಬೇಕು ಎಂದುಕೊಂಡು ನಾನೂ "ಹೂಂ" ಎನ್ನುತ್ತಿದ್ದೆ.

ಕಳೆದ ಯುಗಾದಿಗೆ ಹೋದಾಗ ಅಡುಗೆಮನೆಯಲ್ಲಿ ನಾವಿಬ್ಬರೇ ಇದ್ದೆವು. ಆಗಲೂ ಕೇಳಿದಳು.

"ಅವ್ವ, ಇಲ್ಲಿ ಯಾರೂ ಇಲ್ಲ."

"ಗೊತ್ತು. ತಗಂಡ್ಯಾ ಇಲ್ವಾ, ಹೇಳು."

ಮುಖ ನೋಡಿದೆ. ಅವಳಿಗೆ ನಿಜವಾಗಿಯೂ ಗಾಬರಿಯಾಗಿತ್ತು.

"ತಗಂಡೆ ಕಣವ್ವ" ಎಂದೆ.