ಅವರು ಹತ್ತದ ಗೋಪುರ

ಕಳೆದ ವಾರ ಡೊಂಬಿವ್ಲಿ ಸ್ಟೇಷನ್ ಹೊರಗೆ ತರಕಾರಿಯವಳ ಬುಟ್ಟಿಯಲ್ಲಿ ಹೇರಳೆಕಾಯಿ ಕಂಡು ಒಂದನ್ನು ತಂದೆ. ಉಪ್ಪಿನಕಾಯಿಗೆಂದು ಹೆಚ್ಚತೊಡಗಿದಾಗ ಸಿಪ್ಪೆಯ ಕಹಿ ಕಂಪು ಮೂಗಿಗೆ ಬಡಿದು, ಸ್ಪೇನಿನ ಸೆವಿಲ್ ಊರಿನ ದೊಡ್ಡ ಚರ್ಚಿನ ಅಂಗಳ ಕಣ್ಣೆದುರು ಬಂತು. ಅಲ್ಲಿನ ಕಿತ್ತಳೆಗೂ ಇದೇ ವಾಸನೆ. ಆ ಮರಗಳ ನೆರಳಲ್ಲಿ ತಂಡಕ್ಕೆ ಗುರುತಾಗಲೆಂದು ಕೊಡೆ ಎತ್ತಿ ಹಿಡಿದು ನಿಂತಿದ್ದ ನನ್ನ ಹಳೆಯ ಮ್ಯಾನೇಜರ್ ಕೂಡ...

ಇಲ್ಲೇ ಹತ್ತಿರದ ಮಾಜಿವಾಡಾದ ಒಂದು ಟೂರ್ ಕಂಪನಿಯಲ್ಲಿ ನನ್ನ ಮೊದಲ ಕೆಲಸ. ಆ ಮ್ಯಾನೇಜರ್ ಅಲ್ಲಿ ಪ್ರವಾಸದ ತಂಡಗಳನ್ನು ಕರೆದೊಯ್ಯುವವರು, ಉಡುಪಿ ಕಡೆಯವರು. ನನಗೆ ಚಿಕ್ಕಂದಿನಿಂದ ಉಗ್ಗು. ಆ ಕೆಲಸ ಕೊಡಿಸಿದವರು ಅವರೇ, ಇಲ್ಲ ಅನ್ನಲಾರೆ. "ಬಾಯಿ ಹೇಗಾದ್ರೂ ಇರ್ಲಿ ಮಾರಾಯ್ತಿ, ನಿನ್ನ ಕೈಯಲ್ಲಿ ಬರಹ ಉಂಟು" ಎನ್ನುತ್ತಿದ್ದರು.

ಸೆವಿಲ್ ಪ್ರವಾಸ ಹೊಸದಾಗಿ ಶುರುವಾಗುವುದಿತ್ತು. ಯಾವ ಓಣಿಯಲ್ಲಿ ಏನು ಹೇಳಬೇಕು, ಅರಮನೆಯ ಯಾವ ಗೋಡೆಯ ಮುಂದೆ ಜನರನ್ನು ನಿಲ್ಲಿಸಬೇಕು ಎಂಬುದನ್ನೆಲ್ಲ ಪುಸ್ತಕ, ನಕ್ಷೆ ನೋಡಿ ವರ್ಷವಿಡೀ ಒಂದು ನೋಟ್‌ಬುಕ್ಕಿನಲ್ಲಿ ಬರೆದೆ. ಮೊದಲ ತಂಡದ ಜೊತೆ ನಾನೂ ಹೋಗುವುದೆಂದು ಮಾತಾಗಿತ್ತು. ವೀಸಾ ಕೂಡ ಬಂತು. ಹೊರಡುವ ವಾರ, ಮಾಲೀಕರ ಕ್ಯಾಬಿನ್ನಿನಿಂದ ಅವರ ದನಿ ಕೇಳಿಸಿತು: "ಇವಳು ಸೆ... ಸೆ... ಸೆವಿಲ್ ಅನ್ನುವಷ್ಟರಲ್ಲಿ ಬಸ್ಸು ಮುಂದಿನ ಊರು ಮುಟ್ಟಿರ್ತದೆ ಸರ್." ಇಬ್ಬರೂ ನಕ್ಕರು. ನನ್ನ ನೋಟ್‌ಬುಕ್ ಹಿಡಿದು ಅವರೊಬ್ಬರೇ ಹೋದರು. ನಾನು ಕೆಲಸ ಬಿಟ್ಟೆ.

ಆರು ವರ್ಷ ಕಾದೆ. ಕೊನೆಗೆ ಅವರು ಕರೆದೊಯ್ಯುವ ತಂಡ ಯಾವುದೆಂದು ವಿಚಾರಿಸಿ, ಅದರಲ್ಲಿಯೇ ಪ್ರಯಾಣಿಕಳಾಗಿ ಸೇರಿದೆ. ವಿಮಾನ ನಿಲ್ದಾಣದಲ್ಲಿ ನನ್ನನ್ನು ಕಂಡು ಅವರ ಮುಖ ಸಣ್ಣದಾಯಿತು. "ಹೋ, ನೀನಾ..." ಅಂದರು. ನಾನು ನಗಲಿಲ್ಲ.

ಸೆವಿಲ್‌ನಲ್ಲಿ ಅವರು ಹಿಂದಿಯಲ್ಲಿ ಒಪ್ಪಿಸಿದ್ದೆಲ್ಲ ನನ್ನ ಮಾತುಗಳೇ. ನಾನು ತಮಾಷೆಗೆ ಬರೆದ ಸಾಲಿಗೆ ಜನ ನಕ್ಕು ಅವರ ಬೆನ್ನು ತಟ್ಟಿದಾಗ ಹೊಟ್ಟೆ ಉರಿಯಿತು. ಚರ್ಚಿನ ಗಂಟೆಗೋಪುರದ ಬಳಿ, "ಮುನ್ನೂರು ಕಡಿದಾದ ಮೆಟ್ಟಿಲು, ನಿಧಾನ ಹತ್ತಿ. ಮೇಲಿನ ನೋಟ ಎಷ್ಟು ಸಲ ಕಂಡರೂ ನನಗೆ ಸಾಕಾಗೋದಿಲ್ಲ" ಎಂದು ಹೇಳಿ ತಾವು ಕಿತ್ತಳೆ ಮರದ ಕೆಳಗೆ ಉಳಿದರು.

ಹತ್ತಿ ನೋಡಿದರೆ ಮೆಟ್ಟಿಲೇ ಇಲ್ಲ! ತುದಿಯ ಕೆಲವನ್ನು ಬಿಟ್ಟರೆ ಉದ್ದಕ್ಕೂ ಇಳಿಜಾರು ದಾರಿ. ಹಿಂದೆ ಕುದುರೆಯ ಮೇಲೆ ಕೂತೇ ಹೋಗುತ್ತಿದ್ದರಂತೆ. ಮುನ್ನೂರು ಮೆಟ್ಟಿಲು ಎಂಬುದು ನಾನು ಮಾಜಿವಾಡಾದಲ್ಲಿ ಕೂತು ಅಂದಾಜಿಗೆ ಬರೆದ ತಪ್ಪು. ಇಷ್ಟು ವರ್ಷ ಬಂದರೂ ಅವರು ಒಮ್ಮೆಯೂ ಹತ್ತಿರಲಿಲ್ಲ.

ಎಲ್ಲರೂ ಇಳಿದು ಅಂಗಳಕ್ಕೆ ಬಂದ ಮೇಲೆ ಕೇಳಿದೆ: "ಮೆ... ಮೆ... ಮೆಟ್ಟಿಲು ಎಲ್ಲಿ ಸರ್?"

"ಹೊತ್ತಾಯ್ತು, ಬಸ್ಸು ಕಾಯ್ತಾ ಉಂಟು" ಎಂದು ಅವರು ಹೊರಡಲು ನೋಡಿದರು. ಕಲ್ಯಾಣದಿಂದ ಬಂದಿದ್ದ ಮರಾಠಿ ಅಜ್ಜಿಯೊಬ್ಬರು ನನ್ನ ಕೈ ಹಿಡಿದು, "ಬೋಲ್ ಗಂ ಬೋಲ್, ಘಾಈ ನಾಹೀ" ಅಂದರು. ಅವಸರವಿಲ್ಲ, ಹೇಳು ಅಂತ.

ಹೇಳಿದೆ. ತೊಡರಿದ ಒಂದು ಶಬ್ದವನ್ನೂ ನುಂಗಲಿಲ್ಲ. ಮ್ಯಾನೇಜರರ ಮುಖವನ್ನೇ ನೋಡುತ್ತ ಒಂದೊಂದು ತೊಡರನ್ನೂ ಬೇಕೆಂದೇ ಎಳೆದೆ. ಆ ಮಾತುಗಳನ್ನು ಬರೆದವರು ಯಾರು, ಕ್ಯಾಬಿನ್ನಿನಲ್ಲಿ ನಕ್ಕವರು ಯಾರು, ಗೋಪುರ ಹತ್ತದೆ ನೋಟ ಬಣ್ಣಿಸಿದವರು ಯಾರು... ಅವರು ತಲೆ ತಗ್ಗಿಸಿದರು. ಆ ಊರಿನಲ್ಲಿ ಅದಕ್ಕಿಂತ ಚಂದದ ನೋಟ ನನಗೆ ಸಿಗಲಿಲ್ಲ. ಮರಳಿ ಬಂದು ತಂಡದವರು ಕಂಪನಿಗೆ ಬರೆದ ದೂರಿಗೆ ಮೊದಲ ಸಹಿ ನನ್ನದೇ. ಕಂಪನಿ ಅವರನ್ನು ತೆಗೆಯಿತು.

ಕಳೆದ ತಿಂಗಳು ಅವರ ಹೆಂಡತಿ ಹಳೆಯ ಆಫೀಸಿನವರಿಗೆಲ್ಲ ತಿಳಿಸುತ್ತ ನನಗೂ ಫೋನು ಮಾಡಿದ್ದರು, ಅವರು ತೀರಿಕೊಂಡರೆಂದು ಹೇಳಲು. ಆ ಗೋಪುರ ಯಾಕೆ ಹತ್ತುತ್ತಿರಲಿಲ್ಲ ಎಂದು ನಾನು ಆಗಲೂ ಕೇಳಿಯೇಬಿಟ್ಟೆ.

"ಏರು ಹತ್ತಿದ್ರೆ ಅವರಿಗೆ ಎದೆ ಹಿಡೀತಿತ್ತು. ಆಫೀಸಲ್ಲಿ ಗೊತ್ತಾದ್ರೆ ಕಳಿಸೋದಿಲ್ಲ ಅಂತ ಯಾರಿಗೂ ಹೇಳಿರ್ಲಿಲ್ಲ" ಅಂದರು ಆಕೆ.

ಅಯ್ಯೋ ಅನ್ನಿಸಿತು. ಕ್ಷಮಿಸಲು ಮಾತ್ರ ಆಗಲಿಲ್ಲ. ಹನ್ನೆರಡನೆಯ ದಿನದ ಊಟಕ್ಕೆ ಕರೆದರು, ಹೋಗಲಿಲ್ಲ. ಇದನ್ನು ಬರೆಯುವಾಗಲೂ ಸಿಟ್ಟು ಇದ್ದಲ್ಲಿಯೇ ಇದೆ. ಅದನ್ನು ಹೊತ್ತುಕೊಂಡು ಹೋಗಿ ಎದುರು ನಿಲ್ಲೋಣವೆಂದರೆ ಈಗ ಆ ಮನುಷ್ಯನೇ ಇಲ್ಲ.