ತಾಳೆಗರಿಗೆ ಸುತ್ತಿದ್ದ ಬಟ್ಟೆ

ಅರ್ಜಿಯಲ್ಲಿ ಗ್ರಂಥದ ಸಂಖ್ಯೆ ಕೇಳಿದ್ದ ಕಡೆ ಬರೆಯಲು ನಮ್ಮ ಬಳಿ ಏನೂ ಇರಲಿಲ್ಲ. ನಾಗಮಂಗಲದ ಕಡೆಯ ನಮ್ಮೂರಿಂದ ನಾನೂ ಚಿಕ್ಕಪ್ಪನೂ ಪಾಂಡವಪುರದಲ್ಲಿ ಬಸ್ಸು ಬದಲಿಸಿ ಶ್ರೀರಂಗಪಟ್ಟಣದ ಆ ಸಂಶೋಧನಾ ಗ್ರಂಥಾಲಯಕ್ಕೆ ಬಂದಿದ್ದೆವು. ನಮ್ಮ ಮನೆಯ ತಾಳೆಗರಿ ಕಟ್ಟೊಂದು ಅಲ್ಲಿರಬೇಕಿತ್ತು. ಪ್ರತಿ ಆಯುಧಪೂಜೆಗೆ ಕುಡುಗೋಲು, ಮಚ್ಚಿನ ಜೊತೆ ಅದಕ್ಕೂ ಅರಿಶಿನ ಕುಂಕುಮ ಇಡುತ್ತಿದ್ದರು. ಯಾರೂ ಬಿಚ್ಚಿ ಓದಿದ್ದಿಲ್ಲ. ಹಳೆಯ ಗರಿ ಸಂಗ್ರಹಿಸುವವರು ಊರಿಗೆ ಬಂದಾಗ, ಅಜ್ಜಿ ಮನೆಯಲ್ಲಿಲ್ಲದ ಹೊತ್ತು ನೋಡಿ ಚಿಕ್ಕಪ್ಪ ಕೊಟ್ಟುಬಿಟ್ಟ.

ಅಜ್ಜಿ ನಂಬಲಿಲ್ಲ. ಹಳೆಯ ಗರಿಗಳನ್ನು ಹೊಳೆಗೆ ಬಿಡುವುದು ನಮ್ಮ ಕಡೆ ಉಂಟು. "ವಳೆಗೆ ಬುಟ್ಬುಟ್ಟು ಲೈಬ್ರರಿ ಅಂತಾವ್ನೆ," ಎಂದಳು. ನಮ್ಮ ಮನೆಯಲ್ಲೇ ಇರುವ ಅವಳು ಅಂದಿನಿಂದ ಎದುರಿನ ಚಿಕ್ಕಪ್ಪನ ಮನೆಯಲ್ಲಿ ಒಂದು ಲೋಟ ಕಾಫಿಯನ್ನೂ ಮುಟ್ಟಿರಲಿಲ್ಲ. ಕಟ್ಟು ಇದೆ ಎಂದು ಅವಳಿಗೆ ತೋರಿಸಬೇಕಿತ್ತು.

"ನಂಬರ್ ಇಲ್ದಿದ್ರೆ ಗುರುತು ಬರೀರಿ," ಎಂದು ಮೇಜಿನ ಹಿಂದಿದ್ದ ಮೇಡಂ ಗರಿಗಳ ಬಳಿ ಶಾಯಿ ಕೂಡದೆಂದು ನನ್ನ ಪೆನ್ನು ಚೀಲಕ್ಕೆ ಹಾಕಿಸಿ ಪೆನ್ಸಿಲು ಕೊಟ್ಟರು.

ಬರೆದೆ: ಕಟ್ಟಿನ ಮೇಲೆ ಕೆಳಗೆ ಕಪ್ಪು ಮರದ ಹಲಗೆ, ಎಡ ಮೂಲೆ ದೀಪ ತಗುಲಿ ಸುಟ್ಟಿದೆ, ಕೆಂಪು ಬಟ್ಟೆ.

"ಯಾವ್ ದೀಪ ಕಣ್ಲಾ? ಸುಟ್ಟೇ ಇಲ್ಲ," ಎಂದ ಚಿಕ್ಕಪ್ಪ. "ಬಟ್ಟೆ ಅರಿಸ್ನದ ಬಣ್ಣ."

ನನಗೆ ಸುಟ್ಟ ವಾಸನೆ ಕೂಡ ನೆನಪಿತ್ತು. ಬೇರೆಲ್ಲೋ ಸುಟ್ಟದ್ದರ ನೆನಪನ್ನು ತಂದು ಇದಕ್ಕೆ ಅಂಟಿಸಿಕೊಂಡಿದ್ದೆನೇನೋ. ಪೆನ್ಸಿಲಾದ್ದರಿಂದ ಅಳಿಸಿದೆ.

ನಮ್ಮೂರಿನ ಹೆಸರಿನ ಮುಂದೆ ರಿಜಿಸ್ಟರಿನಲ್ಲಿ ಒಂದೇ ಕಟ್ಟಿತ್ತು. ತಂದಿಟ್ಟರು. ಒರೆಸಿ, ಎಣ್ಣೆ ಸವರಿ, ಬಿಳಿ ಪಟ್ಟಿ ಕಟ್ಟಿದ್ದರು. ಅರಿಶಿನದ ಚುಕ್ಕೆಯೂ ಉಳಿದಿರಲಿಲ್ಲ. ಬಾಗಿಲಾಚೆ ಚಪ್ಪಲಿ ಬಿಟ್ಟು ಬಂದಿದ್ದ ಚಿಕ್ಕಪ್ಪ ಕೈಮುಗಿದ. ಆಮೇಲೆ ಬಗ್ಗಿ ನೋಡಿ, "ಇದು ನಮ್ದೇನ್ಲಾ?" ಎಂದ.

"ಒಳಗೇನೈತೆ ಮೇಡಂ?"

"ಇನ್ನೂ ಓದಿಲ್ಲ. ಓದೋರು ಸಿಗ್ಬೇಕು."

"ನಮ್ಮನೇಲೂ ಅಂಗೇ ಇತ್ತು ಬುಡಿ."

ಆಕೆ ನಕ್ಕರು. ಒಳಗೆ ಹೋಗಿ ಒಂದು ಲಕೋಟೆ ತಂದು, "ಕಟ್ಟು ಬಂದಾಗ ಅದಕ್ಕೆ ಇದನ್ನ ಸುತ್ತಿದ್ರು," ಎಂದರು. ಮಡಿಸಿದ ಹಸಿರು ಬಟ್ಟೆ. ಕೆಂಪೂ ಅಲ್ಲ, ಅರಿಶಿನವೂ ಅಲ್ಲ. ಅಂಚಿಗೆ ಕಪ್ಪು ದಾರದ ದಪ್ಪ ಹೊಲಿಗೆ.

ಚಿಕ್ಕಪ್ಪ ಮೊಬೈಲು ತೆಗೆದ. ಆಕೆ ಗೋಡೆಯ ಮೇಲಿನ ನಿಯಮಗಳನ್ನು ಕೊನೆಯವರೆಗೂ ಓದಿದರು. "ಗರಿ ಫೋಟೊಗೆ ಬೇರೆ ಅರ್ಜಿ ಕೊಡ್ಬೇಕು. ಬಟ್ಟೆ ವಿಚಾರ ಏನೂ ಬರೆದಿಲ್ಲ. ತಗೊಳ್ಳಿ."

ಸಂಜೆ ಚಿಕ್ಕಪ್ಪನ ಮನೆಯ ಜಗಲಿಗೆ ಅಜ್ಜಿಯನ್ನು ಕರೆತಂದು ಫೋಟೊ ತೋರಿಸಿದೆವು. ಮೊಬೈಲನ್ನು ದೂರ ಹಿಡಿದು, ಹತ್ತಿರ ಹಿಡಿದು ನೋಡಿದಳು.

"ಈ ವಲ್ಗೆ ನಂದೇ. ಅಸ್ರು ದಾರ ಇರ್ನಿಲ್ಲ, ಕರೀದ್ರಲ್ಲೇ ವಲ್ದಿದ್ದೆ." ಮತ್ತೆ, "ಅರಿಸ್ನ ಇಕ್ತಾರೇನ್ಲಾ ಅದ್ಕೆ?"

"ಇಕ್ತಾರೆ ಕಣವ್ವ," ಎಂದ ಚಿಕ್ಕಪ್ಪ, ನನ್ನ ಕಡೆ ನೋಡದೆ.

"ಕಾಫಿ ಕಾಯ್ಸಕ್ಕೇಳು ನಿನ್ನೆಂಡ್ತಿಗೆ."

ಆ ಕಾಫಿಯನ್ನು ಅವಳು ಪೂರ್ತಿ ಕುಡಿದಳೋ ಅರ್ಧ ಬಿಟ್ಟಳೋ ನನ್ನ ನೆನಪೊಂದನ್ನೇ ನಂಬಿ ನಾನು ಬರೆಯಲಾರೆ. ಸಕ್ಕರೆ ಜಾಸ್ತಿಯಾಯಿತೆಂದು ಬೈದದ್ದನ್ನು ಮಾತ್ರ ಚಿಕ್ಕಪ್ಪನೂ ಒಪ್ಪುತ್ತಾನೆ.