ಟೈಗರನ ಸೊಂಟ ನೋಡಲು ಜಾಲಿಗೆ

ಕುಮಟಾ ಸ್ಟ್ಯಾಂಡಿನಿಂದ ಭಟ್ಕಳದ ಬಸ್ಸು ಹೊರಟಾಗ ನನ್ನ ತಲೆ ಕಾದ ಕಾವಲಿಯಾಗಿತ್ತು. ಎಂಬತ್ತಮೂರನೇ ಇಸವಿ, ದೀಪಾವಳಿ ಕಳೆದಿತ್ತು, ಬೆಳಿಗ್ಗೆಯೇ ಸೆಕೆ. ನಾನು ನಡೆಸುವ ಟೈಪಿಂಗ್ ಕ್ಲಾಸಿಗೆ ಬೀಗ ಜಡಿದು ಹೊರಟದ್ದು ಎರಡು ನಾಯಿಗಳ ಸಂಬಂಧ ತಪ್ಪಿಸಲಿಕ್ಕೆ. ನಗುವವರು ನಗಲಿ.

ನಮ್ಮ ಮೋತಿ ಎರಡು ವರ್ಷದ ಅಲ್ಸೇಶಿಯನ್. ಹಿಂಗಾಲು ಸೋತು ಅಂಗಳದಿಂದ ಜಗಲಿಗೆ ಹತ್ತಲಾರದೆ ಕೆಳಗೇ ನಿಂತು ಕುಂಯ್‌ಗುಡುತ್ತಿದ್ದ. ಅವನ ಅಪ್ಪ ಟೈಗರ್, ಭಟ್ಕಳದ ಪಕ್ಕ ಜಾಲಿಯಲ್ಲಿ ದೋಣಿ ಇಟ್ಟುಕೊಂಡಿರುವ ಮಾದೇವಣ್ಣನ ನಾಯಿ. ಮಂಕಿಯಲ್ಲಿರುವ ನನ್ನ ಅಕ್ಕನ ಮನೆಯ ಹೆಣ್ಣು ನಾಯಿ ರಾಣಿ ಬೆದೆಗೆ ಬಂದಿದ್ದಾಳೆ, ಅವಳನ್ನೂ ಆ ಟೈಗರನ ಹತ್ತಿರವೇ ಒಯ್ಯುತ್ತಾರೆ ಎಂದು ಅಕ್ಕ ಹೇಳಿಕಳಿಸಿದ್ದಳು.

ಹೊನ್ನಾವರದಲ್ಲಿ ಇಳಿದೆ. ಅಲ್ಲಿನ ದನದ ಡಾಕ್ಟರು ಮನುಷ್ಯರ ದವಾಖಾನೆಯೊಂದರಲ್ಲಿ ಬೇಡಿಕೊಂಡು ಮೋತಿಯ ಸೊಂಟದ ಎಕ್ಸರೇ ತೆಗೆಸಿದ್ದರು. ಫಿಲ್ಮನ್ನು ಕಿಟಕಿಗೆ ಹಿಡಿದು ತೋರಿಸಿದರು: ತೊಡೆ ಎಲುಬಿನ ಗುಂಡು ತುದಿ ಕೂರಬೇಕಾದ ಬಟ್ಟಲು ತಟ್ಟೆಯ ಹಾಗೆ ಚಪ್ಪಟೆ.

“ಬಿದ್ದು ಪೆಟ್ಟಾದದ್ದಲ್ಲ ಇದು, ಹುಟ್ಟಿನಿಂದ ಬಂದದ್ದು,” ಎಂದರು. “ಟೈಗರನ ಮರಿಗಳಲ್ಲಿ ಇಂಥದ್ದು ಬೇರೆಯೂ ನೋಡಿದ್ದೇನೆ. ತಂದೆ ತಾಯಿ ನೋಡಲಿಕ್ಕೆ ಗಟ್ಟಿಯಾಗಿ ಇದ್ದರೂ ಒಳಗೆ ದೋಷ ಇರಬಹುದು. ಮರಿ ಮಾಡಿಸುವ ಮೊದಲು ಎರಡರದ್ದೂ ಎಕ್ಸರೇ ತೆಗೆಸಬೇಕು. ಸೊಂಟ ಸರಿ ಇಲ್ಲದಿದ್ದರೆ ಆ ನಾಯಿಗೆ ಮರಿ ಬೇಡವೇ ಬೇಡ. ಯಾರು ಕೇಳ್ತಾರೆ ಹೇಳಿ?” ಎನ್ನುತ್ತ ಫಿಲ್ಮನ್ನು ಕಾಗದದಲ್ಲಿ ಸುತ್ತಿ ನನ್ನ ಕೈಗೆ ಕೊಟ್ಟರು.

ಯಾರೂ ಕೇಳುವುದಿಲ್ಲ! ಎಮ್ಮೆ ಕೊಳ್ಳುವಾಗ ಹಲ್ಲು, ಕೆಚ್ಚಲು, ಬಾಲದ ಸುಳಿಯವರೆಗೆ ನೋಡುವ ಜನ ನಾಯಿಯ ವಿಷಯದಲ್ಲಿ ಕಿವಿ ನೆಟ್ಟಗಿದ್ದರೆ ಸಾಕು ಎನ್ನುತ್ತಾರೆ. ಸ್ಟ್ಯಾಂಡಿನ ಹೋಟೆಲಿನಲ್ಲಿ ಎರಡು ಬನ್ಸ್ ತಿಂದೆ. ಸಿಟ್ಟಿನಲ್ಲಿ ರುಚಿಯೇ ಗೊತ್ತಾಗಲಿಲ್ಲ.

ಮುಂದಿನ ಬಸ್ಸಿನಲ್ಲಿ ನಿಂತುಕೊಂಡೇ ಶರಾವತಿ ಸೇತುವೆ ದಾಟಿದೆ. ಮಂಕಿಯಲ್ಲಿ ಅಕ್ಕ ಬಾಗಿಲಲ್ಲೇ ಸಿಕ್ಕಳು. “ನಿನ್ ಭಾವ ಮೊದಲ್ನೇ ಬಸ್ಸಿಗೇ ರಾಣಿನ ಕರ್ಕಂಡು ಹೋದ್ರಲ್ಲೇ ಮಾರಾಯ್ತಿ! ನಾ ಹೇಳಿದ್ರೆ ಕೇಳ್ಬೇಕಲ್ಲ.” ನೀರು ಕೂಡ ಕುಡಿಯದೆ ತಿರುಗಿ ರಸ್ತೆಗೆ ಓಡಿದೆ.

ಭಟ್ಕಳದಿಂದ ರಿಕ್ಷಾ ಮಾಡಿ ಜಾಲಿಯ ದಂಡೆ ಮುಟ್ಟುವಾಗ ಬಿಸಿಲು ನೆತ್ತಿಗೆ ಬಂದಿತ್ತು. ಒಣಗಲು ಹಾಕಿದ ಬಲೆಗಳ ಆಚೆ ರಾಣಿಯನ್ನು ತೆಂಗಿನ ಮರಕ್ಕೆ ಕಟ್ಟಿದ್ದರು. ಭಾವ ಎಳನೀರು ಕುಡಿಯುತ್ತಿದ್ದರು. ಎರಡೂ ನಾಯಿಗಳನ್ನು ಬಿಸಿಲು ತಗ್ಗಿದ ಮೇಲೆ ಜೊತೆಗೆ ಬಿಡುವುದೆಂದು ಮಾತಾಗಿತ್ತು. ಸದ್ಯ, ಜೀವ ಬಂತು.

“ಶಾಂತಾ, ನೀ ಎಂತಕ್ಕೆ ಬಂದದ್ದು?” ಭಾವನ ಮುಖ ಕೆಂಪಾಯಿತು. “ಹೆಂಗಸ್ರು ಬರೂ ಜಾಗ ಅಲ್ಲ ಇದು.”

“ಮರಿಯ ಹೇಲು ಬಾಚುವಾಗ ಹೆಂಗಸರು ಬೇಕಲ್ಲ ಭಾವ?” ಎಂದೆ. ಫಿಲ್ಮ್ ಬಿಚ್ಚಿ ಡಾಕ್ಟರು ಹೇಳಿದ್ದನ್ನೆಲ್ಲ ಹೇಳಿದೆ.

ಮಾದೇವಣ್ಣ ಫಿಲ್ಮನ್ನು ತಲೆಕೆಳಗಾಗಿ ಹಿಡಿದು ನೋಡಿ ಹಿಂದೆ ಕೊಟ್ಟ. “ಅಕ್ಕೋರೆ, ಇಲ್ಲಿ ಮನ್ಶಾರಿಗೇ ಎಕ್ಸರೇ ತೆಗ್ಸೂಕೆ ಆಗೂದಿಲ್ಲ, ನಾಯಿಗೆ ಎಂತ ಎಕ್ಸರೇ? ನಮ್ ಪರೀಕ್ಷೆ ನೋಡಿ,” ಎನ್ನುತ್ತ ಹಗ್ಗದ ತುದಿಯನ್ನು ಟೈಗರನ ಬಾಯಿಗೆ ಕೊಟ್ಟು ಸಮುದ್ರಕ್ಕೆ ಬಿಟ್ಟ.

ಆ ದಂಡೆಯಲ್ಲಿ ನಾಯಿಯನ್ನು ಅಳೆಯುವುದೇ ಹೀಗೆ. ಅಲೆ ಸೀಳಿ ಹೋಗಿ ಆಚೆ ನಿಂತ ದೋಣಿಗೆ ಹಗ್ಗ ಮುಟ್ಟಿಸಿ ಬಂದರೆ ಅದು ಗಟ್ಟಿ ನಾಯಿ. ಟೈಗರ್ ಹೋದ, ಮುಟ್ಟಿಸಿದ, ಬಂದ. ಎಷ್ಟು ಚಂದ ಈಜಿದನೆಂದರೆ ನಾನೂ ಕಣ್ಣು ಕೀಳದೆ ನೋಡಿದೆ. ಭಾವ ಚಪ್ಪಾಳೆ ತಟ್ಟಿದರು.

“ನೀರಿನಲ್ಲಿ ಮೈಭಾರ ಸಮುದ್ರ ಹೊರುತ್ತದೆ ಮಾದೇವಣ್ಣ, ಸೊಂಟ ಅಲ್ಲ. ಅವನನ್ನು ನಿಮ್ಮ ಮನೆ ಮೆಟ್ಟಿಲು ಹತ್ತಿಸಿ,” ಎಂದೆ.

ಮನೆ ಅಲ್ಲೇ ಮೇಲೆ ಇತ್ತು. ಟೈಗರ್ ಮರಳಿನಲ್ಲಿ ಎರಡೂ ಹಿಂಗಾಲನ್ನು ಒಟ್ಟಿಗೆ ಎತ್ತಿ ಮೊಲದ ಹಾಗೆ ಕುಪ್ಪಳಿಸುತ್ತ ಬಂದ. “ಅದೇ ಜಾತಿ ನಾಯಿ ನಡಿಗೆ,” ಎಂದ ಮಾದೇವಣ್ಣ ಹೆಮ್ಮೆಯಿಂದ. ಅಯ್ಯೋ ದೇವರೇ, ನೋವನ್ನು ಗತ್ತು ಎನ್ನುತ್ತಾರಲ್ಲ! ಚಿರೆಕಲ್ಲಿನ ಮೆಟ್ಟಿಲಿಗೆ ಮುಂಗಾಲಿಟ್ಟ ಟೈಗರ್ ಹಿಂಗಾಲು ಎತ್ತಲಾರದೆ ಅಲ್ಲೇ ಕೂತು ಕುಂಯ್‌ಗುಟ್ಟಿದ. ಭಾವ ನಮ್ಮ ಮನೆಯಲ್ಲಿ ಮೋತಿಯನ್ನು ನೋಡಿದವರು. ನೇರ ಹೋಗಿ ರಾಣಿಯ ಹಗ್ಗ ಬಿಚ್ಚಿದರು.

“ಅವ್ನಿಗೆ ದಣಿವಾಗ್ಯದೆ ಅಷ್ಟೆ!” ಎಂದು ಮಾದೇವಣ್ಣ ಕೂಗಿದ. ಟೈಗರನನ್ನು ಅವನು ಎರಡೂ ಕೈಯಲ್ಲಿ ಎತ್ತಿಕೊಂಡೇ ಮೆಟ್ಟಿಲು ಹತ್ತಿದ. ಅವನಿಗೂ ಆ ನಾಯಿಯ ಮೇಲೆ ಜೀವ. ಹಾಗಿದ್ದೂ ಕಣ್ಣಿಗೆ ಕಂಡದ್ದನ್ನು ಒಪ್ಪನಲ್ಲ ಎಂದು ನನಗೆ ಇನ್ನಷ್ಟು ಉರಿಯಿತು.

ನಾವು ರಿಕ್ಷಾ ಹತ್ತುವಾಗ ಅವನು ಜಗಲಿಯಿಂದಲೇ ಹೇಳಿದ: “ಕರ್ಕಂಡು ಹೋಗಿ, ಆತು. ನನ್ ಟೈಗರಂಗೆ ಬರ ಇಲ್ಲ. ನಾಳೆ ಶಿರಾಲಿಂದ ಒಂದು ಹೆಣ್ಣು ಬತ್ತದೆ.”

ಬಸ್ಸಿನಲ್ಲಿ ನಾಯಿಗೆ ಜಾಗವಿಲ್ಲ ಎಂದು ಕಂಡಕ್ಟರ್ ರೇಗಿದ, ಕೊನೆಗೆ ಹಿಂದಿನ ಸೀಟಿನ ಕೆಳಗೆ ಬಿಟ್ಟ. ಭಾವ ತಣ್ಣಗೆ, “ಗೆದ್ದೆಯಲ್ಲ, ಇನ್ನಾದ್ರೂ ಸುಮ್ನೆ ಕೂತ್ಕೊ,” ಎಂದರು. ಎಂಥ ಗೆಲುವು? ನಾಳೆ ಶಿರಾಲಿ, ನಾಡಿದ್ದು ಇನ್ಯಾವುದೋ ಊರು. ಅಂಗಳದಲ್ಲಿ ನಿಂತು ಕುಂಯ್‌ಗುಡುವ ಮೋತಿಗಳು ಮನೆಮನೆಯಲ್ಲಿ.

ಶಿರಾಲಿ ಬಂದಾಗ ಎದ್ದು ನಿಂತೆ.

“ಮಂಕಿ ಇನ್ನೂ ದೂರ ಅದೆ, ಎಲ್ಲಿಗೆ ಹೊರಟ್ಯೆ?” ಎಂದು ಭಾವ ಗಾಬರಿಯಾದರು.

“ನೀವು ರಾಣಿಯನ್ನು ಮನೆ ಮುಟ್ಟಿಸಿ,” ಎಂದು ಹೇಳಿ ಇಳಿದೆ. ಬಸ್ಸು ಧೂಳೆಬ್ಬಿಸಿ ಹೋಯಿತು. ಎದುರಿನ ಬೀಡಾ ಅಂಗಡಿಯವನನ್ನು ಕೇಳಿದೆ: “ಈ ಊರಿನಲ್ಲಿ ಅಲ್ಸೇಶಿಯನ್ ಹೆಣ್ಣು ನಾಯಿ ಇರುವುದು ಯಾರ ಮನೆಯಲ್ಲಿ?”